ಶನಿವಾರದ ಸಿನಿಮಾ ಕುರಿತು ಸೂಚನೆ

ಸದಸ್ಯರ ಗಮನಕ್ಕೆ,

ಈ ಶನಿವಾರ ಸಂಜೆ 6ಕ್ಕೆ ಜಯನಗರದಲ್ಲಿ ನಾವು ನೋಡಲಿರುವುದು 2010ರ ದೆವ್ವದ ಚಿತ್ರ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ 2’. ಮೊದಲ ಭಾಗ ನೋಡದವರು ದಯವಿಟ್ಟು ಅಷ್ಟರೊಳಗೆ ನೋಡಿಕೊಂಡು ಬರಬೇಕು. ಎರಡನೆಯದರ ಕಥೆ ಬಹುಪಾಲು ಮೊದಲನೆಯದಕ್ಕಿಂತ ಹಿಂದೆ ನಡೆಯುವುದಾದರೂ ಕೊನೆಯಲ್ಲಿ ಅದನ್ನು ದಾಟಿ ಮುಂದೆ ಹೋಗುವುದರಿಂದ, ಇಲ್ಲವಾದರೆ ತಲೆಬುಡ ತಿಳಿಯುವುದಿಲ್ಲ.

ನಿರ್ದೇಶಕ ಓರೆನ್ ಪೆಲಿ ಮೊದಲ ಚಿತ್ರವನ್ನು ಸುಮಾರು 15,000 ಡಾಲರಿನಲ್ಲಿ, ಸ್ಯಾನ್ ಡಿಯಾಗೊದ ತಮ್ಮ ಮನೆಯಲ್ಲೇ ಚಿತ್ರಿಸಿದ್ದರು. ರಾತ್ರಿಯ ದೃಶ್ಯಗಳಲ್ಲಿ ಮಲಗುವ ಕೋಣೆಯೊಳಗೆ ಸ್ಟ್ಯಾಂಡಿನ ಮೇಲೆ ಅಲುಗದೆ ನಿಂತ ಒಂದೇ ಕ್ಯಾಮೆರಾ. ನಾಯಕಿ ಕೇಟಿ ನಿದ್ದೆಯಿಂದೆದ್ದು ಮಂಚದ ಪಕ್ಕ ಸುಮ್ಮನೆ ನಿಂತುಬಿಡುತ್ತಾಳೆ. ಪರದೆಯ ಮೂಲೆಯಲ್ಲಿ ಗಂಟೆಗಳು ಓಡುತ್ತವೆ, ಅವಳು ಮಾತ್ರ ಅಲ್ಲಿಂದ ಕದಲುವುದಿಲ್ಲ. ಗಮನಿಸಿ, ಈ ದೃಶ್ಯಕ್ಕೆ ಹೆಚ್ಚಿನ ಖರ್ಚೇ ಬೇಕಿಲ್ಲ.

ಟಾಡ್ ವಿಲಿಯಮ್ಸ್ ನಿರ್ದೇಶಿಸಿದ ಎರಡನೆಯದಕ್ಕೆ ಸುಮಾರು 30 ಲಕ್ಷ ಡಾಲರ್ ದೊರೆಯಿತು (ಹಾಲಿವುಡ್ ಲೆಕ್ಕದಲ್ಲಿ ಅದೂ ಪುಡಿಗಾಸೇ). ಮನೆ ತುಂಬ ಸಿಸಿಟಿವಿ, ಜೊತೆಗೆ ಒಂದು ಮಗು, ಒಂದು ನಾಯಿ. ಹಾಡಹಗಲಿನಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲುಗಳೆಲ್ಲ ಒಮ್ಮೆಗೇ ಧಡಾರನೆ ತೆರೆದುಕೊಳ್ಳುವ ದೃಶ್ಯ ನಿಜಕ್ಕೂ ಎದೆ ನಡುಗಿಸುತ್ತದೆ. ಆದರೆ ನೋಡುವ ಕ್ಯಾಮೆರಾ ಕಣ್ಣುಗಳು ಹೆಚ್ಚಾದಂತೆ ಭಯ ಹಂಚಿಹೋಗಿ ತೆಳುವಾಗಿದೆ ಎಂಬುದು, ಅದರಲ್ಲೂ ದೆವ್ವ ಬಂದದ್ದೇಕೆ ಎಂದು ವಿವರಿಸಲು ಹೊರಟದ್ದು ಅನಗತ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಒಪ್ಪದವರು ಚಿತ್ರ ಮುಗಿದ ಮೇಲೆ ಧಾರಾಳವಾಗಿ ವಾದಿಸಬಹುದು. ಅಲ್ಲಿಯವರೆಗೆ ಅಂತ್ಯವನ್ನು ಇಲ್ಲಿ ಬರೆಯಬಾರದು. ಚಿಕ್ಕ ಮಕ್ಕಳನ್ನು ಕರೆತರಬೇಡಿ.