ಶಿರಾದ ಪರ್ಷಿಯನ್ ಶಾಸನ ಓದಲು ಕಲಿಸಿ

ಮಾನ್ಯರೆ,

ಮೊಗಲರ ಸುಬಾ (ಪ್ರಾಂತ್ಯ) ಆಗಿದ್ದ ಶಿರಾದಲ್ಲಿ, ಅದಕ್ಕೂ ಮೊದಲು ಬಿಜಾಪುರದ ಸುಲ್ತಾನರ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ಸಮಾಧಿ ಕಟ್ಟಡದ ಬಗ್ಗೆ ವಿವರಿಸುವವರು ಸಿಗುತ್ತಾರೆ, ಆದರೆ ಅಲ್ಲಿನ ಪರ್ಷಿಯನ್ ಶಾಸನಗಳನ್ನು ಓದಬಲ್ಲವರು ಬಲು ಅಪರೂಪ. ಹಳೆಗನ್ನಡ ಲಿಪಿ ಕಲಿಸುವ ಶಿಬಿರಗಳಂತೆ ತುಮಕೂರಿನಲ್ಲಿ ಇದಕ್ಕೂ ಒಂದು ತರಗತಿ ಬೇಕು. ಹೇಗೆ ಕಲಿಸಬೇಕೆಂಬುದಕ್ಕೆ ಫ್ರೆಂಚ್ ವಿದ್ವಾಂಸ ಸಿಲ್ವೆಸ್ತ್ರ್ ದ ಸಾಸಿ (1758–1838) ಒಳ್ಳೆಯ ಮಾದರಿ.

ಅವರು ಅರಬ್ ನಾಡಿಗಾಗಲಿ ಇರಾನಿಗಾಗಲಿ ಹೋದವರಲ್ಲ. ಆದರೂ ಇಸ್ಲಾಮಿಗೂ ಮೊದಲು ಇರಾನನ್ನು ಆಳಿದ ಸಸಾನಿ ದೊರೆಗಳ ಪಹ್ಲವಿ (ಆ ಕಾಲದ ಪರ್ಷಿಯನ್) ಶಾಸನಗಳನ್ನು ಪ್ಯಾರಿಸ್ಸಿನಲ್ಲೇ ಕುಳಿತು ಓದಿದರು. ಅದೇ ಒಕ್ಕಣೆ ಗ್ರೀಕಿನಲ್ಲೂ ಕೆತ್ತಿದ್ದರಿಂದ ದೊರೆಗಳ ಹೆಸರು ಹಿಡಿದು ಒಂದೊಂದೇ ಅಕ್ಷರ ಗುರುತಿಸುತ್ತ ಹೋದರು. ಈ ಕೆಲಸ 1793ರಲ್ಲಿ ಅಚ್ಚಾಯಿತು. 1795ರಲ್ಲಿ ಪೌರಸ್ತ್ಯ ಭಾಷಾ ಶಾಲೆ ಶುರುವಾದಾಗ ಅರಬ್ಬಿ ಕಲಿಸುವ ಹೊಣೆ ಅವರಿಗೆ ಬಂತು. ಅರಬ್ಬಿ ಲೇಖಕರ ಆಯ್ದ ಭಾಗಗಳಿಗೆ ಅನುವಾದ, ಟಿಪ್ಪಣಿ ಸೇರಿಸಿದ ಓದುಪುಸ್ತಕವನ್ನು 1806ರಲ್ಲಿ ಹೊರತಂದರು. ವ್ಯಾಕರಣ ಬಂದದ್ದು ಆಮೇಲೆ, 1810ರಲ್ಲಿ. ಈ ಕ್ರಮವೇ ನಮಗೂ ಬೇಕಾದದ್ದು.

1816ರಲ್ಲಿ ಅವರು ಅಚ್ಚು ಹಾಕಿಸಿದ ಅರಬ್ಬಿ 'ಕಲೀಲ ವ ದಿಮ್ನ' ಕನ್ನಡಿಗರಿಗೆ ಹೊಸದೇನಲ್ಲ. ಅದು ನಮ್ಮ ಕರಟಕ–ದಮನಕರ ಕಥೆ. ಪಂಚತಂತ್ರ ಆರನೆಯ ಶತಮಾನದಲ್ಲಿ ಪಹ್ಲವಿಗೆ, ಎಂಟರಲ್ಲಿ ಅರಬ್ಬಿಗೆ ಹೋಯಿತು. ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದದ್ದು ಹನ್ನೊಂದರಲ್ಲಿ. ಸಾಸಿ ಒಂದು ಹಸ್ತಪ್ರತಿಯ ಕೊರತೆಯನ್ನು ಬೇರೆ ಹಸ್ತಪ್ರತಿಗಳಿಂದ ತುಂಬಿದ್ದರಿಂದ ಪಠ್ಯ ಕಲಬೆರಕೆಯಾಗಿದೆ ಎಂಬ ಆಕ್ಷೇಪ ಮುಂದೆ ಬಂತು. ಅದು ಸರಿಯಾದ ಆಕ್ಷೇಪವೇ. ಕಲ್ಲಿನಲ್ಲಿ ಸವೆದ ಜಾಗವನ್ನು ಊಹಿಸಿ ತುಂಬುವವರು ಊಹೆಯನ್ನು ಕಂಸದಲ್ಲಿ ಹಾಕಲೇಬೇಕು.

ಸವೆದ ಕಲ್ಲಿನಲ್ಲಿ ಮೊದಲು ಕಾಣೆಯಾಗುವುದು ಪರ್ಷಿಯನ್ ಅಕ್ಷರಗಳ ಚುಕ್ಕೆ. ಗಾಳಿ ಎಂಬ ಅರ್ಥದ 'ಬಾದ್', ನೆನಪು ಎಂಬ ಅರ್ಥದ 'ಯಾದ್' ಎರಡಕ್ಕೂ ಒಂದೇ ಗೆರೆ. ಮೊದಲನೆಯದರ ಕೆಳಗೆ ಒಂದು ಚುಕ್ಕೆ, ಎರಡನೆಯದರ ಕೆಳಗೆ ಎರಡು. ಹ್ರಸ್ವ ಸ್ವರಗಳನ್ನಂತೂ ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಹಾಗಾಗಿ ಇಳಿಬಿಸಿಲಿನಲ್ಲಿ ಅಥವಾ ಪಕ್ಕದಿಂದ ಟಾರ್ಚ್ ಹಿಡಿದು ನಾಲ್ಕು ಕಡೆಯಿಂದಲೂ ಫೋಟೊ ತೆಗೆಯಬೇಕು. ಸೀಮೆಸುಣ್ಣ ತುಂಬಬಾರದು, ಉಜ್ಜಿದ ಸುಣ್ಣ ಗುಂಡಿಗಳಲ್ಲಿ ನಿಂತು ಸುಳ್ಳು ಚುಕ್ಕೆಯಾಗುತ್ತದೆ.

ಇಸವಿಯಲ್ಲೂ ಎಡವುವವರಿದ್ದಾರೆ. ಶಾಸನದ ಹಿಜರಿ (ಮುಸ್ಲಿಂ ಪಂಚಾಂಗದ) ವರ್ಷಕ್ಕೆ ಬರಿದೇ 622 ಕೂಡಿಸಿದರೆ ತಪ್ಪು, ಏಕೆಂದರೆ ಚಾಂದ್ರ ವರ್ಷಕ್ಕೆ 354 ಅಥವಾ 355 ದಿನ. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಬೇಕು. ಹಾಗೆ ಮಾಡಿದರೆ ಹಿಜರಿ 1066 ಸುಮಾರು 1656 ಆಗುತ್ತದೆ. ಬರಿದೇ ಕೂಡಿಸಿದರೆ 1688 ಬಂದು, ಮೊಗಲರಿಗೂ ಮೊದಲಿನ ಬಿಜಾಪುರದ ಸುಲ್ತಾನರ ಕಾಲದ ಕಲ್ಲು ಮೊಗಲರ ಲೆಕ್ಕಕ್ಕೆ ಸೇರಿಬಿಡುತ್ತದೆ!

ನಮ್ಮ ಸಲಹೆ ಇಷ್ಟು. ಉರ್ದು ಓದಲು ಬರುವ ಪದವಿ ವಿದ್ಯಾರ್ಥಿಗಳಿಂದಲೇ ಶುರು ಮಾಡಲಿ, ಲಿಪಿ ಕಲಿಸುವ ಸಮಯ ಉಳಿಯುತ್ತದೆ. ವಾರಕ್ಕೆ ಎರಡು ತಾಸಿನಂತೆ ಆರು ತಿಂಗಳು ಸಾಕು. ಮೊದಲ ಎರಡು ತಿಂಗಳು ಅಚ್ಚಾದ ಸರಳ ಗದ್ಯ, ಆಮೇಲೆ ಹಸ್ತಪ್ರತಿಯ ಫೋಟೊ, ಕೊನೆಗೆ ಶಿರಾದ ಕಲ್ಲುಗಳ ಎದುರೇ ಪಾಠ. ಪ್ರತಿ ಶಾಸನಕ್ಕೂ ಮೂಲ, ಕನ್ನಡ ಲಿಪ್ಯಂತರ, ಅನುವಾದ ಒಂದೇ ಹಾಳೆಯಲ್ಲಿರಲಿ, ಆ ಹಾಳೆಯ ಪ್ರತಿ ಶಿರಾದ ಗ್ರಂಥಾಲಯದಲ್ಲಿ ಸಿಗುವಂತಾಗಲಿ.

— ಶಾಸನಾಸಕ್ತ ಓದುಗರು, ತುಮಕೂರು