ರಾಣಿಪುರದ ಏಟ್ಟನಿಗೆ

ನಿಮ್ಮ ಹೆಸರು ಕೇಳಿಕೊಳ್ಳಲಿಲ್ಲ, ಅದೇ ಈಗ ಪೇಚಾಟ; ಹಾಗಾಗಿ ನಿಮ್ಮ ಮಲಯಾಳದಲ್ಲೇ 'ಏಟ್ಟ', ಅಂದರೆ ಅಣ್ಣ, ಎನ್ನುತ್ತೇನೆ. ಕಳೆದ ಡಿಸೆಂಬರಿನಲ್ಲಿ ಕಾಸರಗೋಡು ಜಿಲ್ಲೆಯ ರಾಣಿಪುರದ ಗುಡ್ಡ ಹತ್ತುವಾಗ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಎದುರು ಬಂದಿರಲ್ಲ, ನಿಮಗೇ ಈ ಧನ್ಯವಾದ.

ಮೇಲಿನ ಹುಲ್ಲುಗಾವಲು ಸಿಗುವ ಮೊದಲಿನ ಕಾಡಿನ ನೆರಳಲ್ಲಿ ಕಂದು ಬೆನ್ನು, ಉದ್ದ ಬಾಲದ ಹಕ್ಕಿಯೊಂದು ಅಲುಗಾಡದೆ ಕೂತಿತ್ತು. ಕೆಂಬೂತ ಇರಬೇಕೆಂದು ನಾನು ಹೊರಟೇಬಿಟ್ಟಿದ್ದೆ. "ಮಾಷೇ, ನಿಲ್ಲಿ. ಅದು ನಮಗೆ ಬೆನ್ನು ಹಾಕಿಯೇ ಕೂರುವುದು" ಎಂದು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಪಿಸುಗುಟ್ಟಿದಿರಿ. ಹತ್ತು ನಿಮಿಷ ನಿಂತೆವು. ಕೊನೆಗೆ ಹುಳ ಹಿಡಿಯಲು ಚಂಗನೆ ಹಾರಿ, ಈ ಕಡೆ ತಿರುಗಿ ಕೂತಿತು ನೋಡಿ! ಕಪ್ಪು ತಲೆ, ಎದೆಗೆ ಹಾರ ಹಾಕಿದಂತೆ ಬಿಳಿ ಪಟ್ಟಿ, ಅದರ ಕೆಳಗೆಲ್ಲ ಕೆಂಡ. "ತೀಕ್ಕಾಕ್ಕ" ಎಂದಿರಿ. ಬೆಂಕಿ ಕಾಗೆ! ಕನ್ನಡದ ಕಾಕರಣೆ ಹಕ್ಕಿ, ಇಂಗ್ಲಿಷಿನ ಮಲಬಾರ್ ಟ್ರೋಗನ್. ಕಾಗೆಯ ಕುಲವೇನಲ್ಲ, ಆದರೂ ನಿಮ್ಮ ಹೆಸರೇ ಹೆಚ್ಚು ಒಪ್ಪುತ್ತದೆ. ಪಕ್ಕದ ಬಳ್ಳಿಯಲ್ಲಿ ಹೆಣ್ಣನ್ನೂ ತೋರಿಸಿದಿರಿ: ಕಂದು ತಲೆ, ಮಾಸಿದ ಹಳದಿ ಹೊಟ್ಟೆ. ನಾನೊಬ್ಬನೇ ಆಗಿದ್ದರೆ ಎರಡು ಬೇರೆ ಜಾತಿ ಎಂದು ಬರೆದಿಡುತ್ತಿದ್ದೆ.

ಚಾಯಕ್ಕೆ ಕರೆದರೂ ನಿಲ್ಲದೆ ಇಳಿದು ಹೋದಿರಿ. ಪಾಣತ್ತೂರು ಕಡೆಯವರು ಯಾರಾದರೂ ಇದನ್ನು ನಿಮಗೆ ಓದಿ ಹೇಳಲಿ, ಏಟ್ಟಾ. ಆ ಚಾಯ ಇನ್ನೂ ಬಾಕಿ ಇದೆ.