ಆರೋಪ ಏನಿತ್ತು, ತೀರ್ಪು ಕೊಟ್ಟವರು ಯಾರು? ಹೊಸ ಇತಿಹಾಸ ಪಾಠದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ವಾರದಿಂದ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಇತಿಹಾಸದಲ್ಲಿ ಒಂದು ವಿಶೇಷ ಪಾಠ ಶುರುವಾಗುತ್ತದೆ. ಜೈಲು ಸೇರಿದ, ಮರಣದಂಡನೆಗೆ ಗುರಿಯಾದ ಹೆಸರಾಂತ ವ್ಯಕ್ತಿಗಳ ಬಗ್ಗೆ ಈ ಪಾಠ. "ಈ ವಯಸ್ಸಿಗೆ ಇದೆಲ್ಲ ಬೇಕಾ?" ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಬೇಕು ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಸಾಕ್ರಟೀಸ್ ವಿಷ ಕುಡಿದರು, ಭಗತ್ ಸಿಂಗ್ ಗಲ್ಲಿಗೇರಿದರು, ಮಂಡೇಲಾ 27 ವರ್ಷ ಜೈಲಿನಲ್ಲಿದ್ದರು. ಇಷ್ಟು ಮಕ್ಕಳಿಗೆ ಗೊತ್ತು. ಪರೀಕ್ಷೆಗೆ ಇಷ್ಟು ಸಾಕು ಕೂಡ. ಆದರೆ ಅವರ ಮೇಲಿದ್ದ ಆರೋಪ ಏನು, ತೀರ್ಪು ಕೊಟ್ಟವರು ಯಾರು, ತಮ್ಮ ಪರವಾಗಿ ಮಾತಾಡಲು ಅವರಿಗೆ ಅವಕಾಶ ಸಿಕ್ಕಿತ್ತಾ ಅಂತ ಕೇಳಿ ನೋಡಿ, ಮಕ್ಕಳು ಸುಮ್ಮನಾಗುತ್ತಾರೆ. ನಮ್ಮ ಪಾಠ ನಡೆಯುವುದು ಈ ಮೂರು ಪ್ರಶ್ನೆಗಳ ಮೇಲೆ.

ಸಾಕ್ರಟೀಸ್ ಅವರನ್ನೇ ನೋಡಿ. ಕ್ರಿ.ಪೂ. 399ರಲ್ಲಿ ಅಥೆನ್ಸ್‌ನಲ್ಲಿ ಅವರಿಗೆ ಸಾವಿನ ಶಿಕ್ಷೆ ಕೊಟ್ಟವರು ಯಾವ ರಾಜನೂ ಅಲ್ಲ. ಸುಮಾರು 500 ಮಂದಿ ನಾಗರಿಕರು ಕೂತು ಕೇಳಿ, ಮತ ಹಾಕಿ ಕೊಟ್ಟ ತೀರ್ಪು ಅದು. ನಗರದ ದೇವರುಗಳನ್ನು ನಂಬುವುದಿಲ್ಲ, ಹುಡುಗರ ತಲೆ ಕೆಡಿಸುತ್ತಾರೆ ಅನ್ನುವುದು ಆರೋಪ. ಕೆಟ್ಟ ರಾಜ, ಒಳ್ಳೆಯ ಮನುಷ್ಯ ಅನ್ನುವ ಕಥೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಇಲ್ಲಿ ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು. ಹಾಗಿದ್ದೂ ತಪ್ಪಾಯಿತಾ? ಇದನ್ನು ತರಗತಿಯಲ್ಲಿ ಮಕ್ಕಳೇ ಚರ್ಚೆ ಮಾಡಲಿ.

ಜಾಸ್ತಿ ಸಮಯ ಕೊಡುವುದು, ಇಂಗ್ಲಿಷರ ವಿರುದ್ಧ ಫ್ರಾನ್ಸ್ ಸೇನೆಯನ್ನು ಮುನ್ನಡೆಸಿದ ಹುಡುಗಿ ಜೋನ್ ಆಫ್ ಆರ್ಕ್ ವಿಚಾರಣೆಗೆ. 1431, ಫ್ರಾನ್ಸ್‌ನ ರುವಾನ್ ಊರು. ಆಕೆಗೆ ಸುಮಾರು 19 ವರ್ಷ, ಅಂದರೆ ನಮ್ಮ ಮಕ್ಕಳಿಗಿಂತ ನಾಲ್ಕೈದು ವರ್ಷ ದೊಡ್ಡವಳು ಅಷ್ಟೇ. ಎದುರಿಗೆ ಓದಿದ ಧರ್ಮಗುರುಗಳ ಸಾಲು, ಆಕೆಯ ಪರ ವಕೀಲರಿಲ್ಲ. ಗಂಡಸರ ಬಟ್ಟೆ ಹಾಕಿದ್ದೂ ಆಕೆಯ ಮೇಲಿನ ಆರೋಪಗಳಲ್ಲಿ ಒಂದು. ಒಂದು ದಿನ "ನೀನು ದೇವರ ಕೃಪೆಯಲ್ಲಿದ್ದೀಯಾ?" ಅಂತ ಕೇಳಿದರು. ಹೌದು ಅಂದರೆ ಅಹಂಕಾರ, ಇಲ್ಲ ಅಂದರೆ ತಪ್ಪೊಪ್ಪಿಗೆ. ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿಗೆ ಸೇರಿಸಲಿ, ಇದ್ದರೆ ಹಾಗೇ ಇರಿಸಲಿ ಅಂತ ಆಕೆ ಉತ್ತರ ಕೊಟ್ಟಳು. ಗುಮಾಸ್ತರು ಬರೆದಿಟ್ಟಿದ್ದರಿಂದ ಈ ಮಾತು ಇವತ್ತಿಗೂ ಉಳಿದಿದೆ. ಮೇ 30ರಂದು ಆಕೆಯನ್ನು ಸುಟ್ಟು ಕೊಂದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1455ರಲ್ಲಿ ಆಕೆಯ ತಾಯಿ ಇಸಬೆಲ್ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನಲ್ಲಿ ನಿಂತು, ಮಗಳಿಗೆ ಅನ್ಯಾಯವಾಗಿದೆ, ಮರುವಿಚಾರಣೆ ಮಾಡಿ ಅಂತ ಬೇಡಿಕೊಂಡರು. ನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದರು. ಅವರಲ್ಲಿ ಆಕೆಯನ್ನು ಚಿಕ್ಕಂದಿನಿಂದ ನೋಡಿದ ಹಳ್ಳಿಯವರೂ ಇದ್ದರು. 1456ರಲ್ಲಿ ಹಳೆಯ ತೀರ್ಪು ರದ್ದಾಯಿತು. ಆದರೆ ಮಗಳು ಹೋಗಿ 25 ವರ್ಷ ಆಗಿತ್ತು. ಈ ತಾಯಿಯ ಬಗ್ಗೆ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಒಂದು ಸಾಲೂ ಇರುವುದಿಲ್ಲ. ನನಗೆ ಅದು ಬೇಸರದ ವಿಷಯ.

ಇದರ ಪಕ್ಕದಲ್ಲೇ ಫ್ರಾನ್ಸ್‌ನ ಸೇನಾಧಿಕಾರಿ ಡ್ರೇಫಸ್ ಅವರ ಪ್ರಕರಣ ಇಡುತ್ತೇವೆ. 1894ರಲ್ಲಿ ಸುಳ್ಳು ಬೇಹುಗಾರಿಕೆ ಆರೋಪ, ದೂರದ ದ್ವೀಪದಲ್ಲಿ ಸೆರೆವಾಸ. 1906ರಲ್ಲಿ ನಿರ್ದೋಷಿ ಅಂತ ತೀರ್ಪು ಬಂತು, ಸೇನೆಗೆ ವಾಪಸ್ಸಾದರು. ತೀರ್ಪನ್ನು ತಿದ್ದಿದಾಗ ಅವರು ಬದುಕಿದ್ದರು. ಜೋನ್ ಬದುಕಿರಲಿಲ್ಲ. ಸೆರೆಗೂ ಮರಣದಂಡನೆಗೂ ಇರುವ ಈ ವ್ಯತ್ಯಾಸ ಮಕ್ಕಳ ತಲೆಯಲ್ಲಿ ಚೆನ್ನಾಗಿ ಕೂರಬೇಕು.

ಜರ್ಮನಿಯ ಸೋಫಿ ಶೋಲ್ ವಿಷಯ ಓದುವಾಗ ಮಕ್ಕಳಿಗೆ ಕಷ್ಟವಾಗಬಹುದು. ವಿಶ್ವವಿದ್ಯಾಲಯದಲ್ಲಿ ಹಿಟ್ಲರ್ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1943ರ ಫೆಬ್ರವರಿ 18ರಂದು ಅಣ್ಣನ ಜೊತೆ ಬಂಧನ. 22ರಂದು ವಿಚಾರಣೆ, ತೀರ್ಪು, ಮರಣದಂಡನೆ ಎಲ್ಲವೂ ಒಂದೇ ದಿನ. ಆಕೆಗೆ 21 ವರ್ಷ. ಅಪ್ಪ ಅಮ್ಮನಿಗೆ ಸ್ವಲ್ಪ ಹೊತ್ತು ಮಾತ್ರ ನೋಡಲು ಬಿಟ್ಟರು. ಈ ಪಾಠದ ದಿನ ಮಕ್ಕಳು ಮನೆಯಲ್ಲಿ ಸ್ವಲ್ಪ ಮಂಕಾಗಿದ್ದರೆ ದಯವಿಟ್ಟು ಮಾತಾಡಿಸಿ.

ಹಾಗಂತ ಶಿಕ್ಷೆಗೆ ಗುರಿಯಾದವರೆಲ್ಲ ಮಹಾತ್ಮರು ಅಂತ ನಾವು ಹೇಳಿಕೊಡುವುದಿಲ್ಲ. ಆರೋಪಿಗೆ ವಕೀಲ ಬೇಡ ಅನ್ನುವ ಕಾನೂನು ಫ್ರಾನ್ಸ್‌ನಲ್ಲಿ 1794ರ ಜೂನ್‌ನಲ್ಲಿ ಬಂದಾಗ ಅದರ ಬೆನ್ನಿಗೆ ನಿಂತವರು ಫ್ರೆಂಚ್ ಕ್ರಾಂತಿಯ ನಾಯಕ ರೋಬೆಸ್ಪಿಯರ್. ಮುಂದಿನ ತಿಂಗಳೇ ಅವರನ್ನೂ ವಿಚಾರಣೆ ಇಲ್ಲದೆ ಗಿಲೊಟಿನ್‌ಗೆ, ಅಂದರೆ ತಲೆ ಕಡಿಯುವ ಯಂತ್ರಕ್ಕೆ, ಕಳಿಸಿದರು. ಇನ್ನು ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ (ಹಿಟ್ಲರ್ ಪಕ್ಷದವರ) ವಿಚಾರಣೆ ಹತ್ತು ತಿಂಗಳಿಗೂ ಹೆಚ್ಚು ನಡೆಯಿತು. ಅವರಿಗೂ ವಕೀಲರಿದ್ದರು, ಮೂವರು ಖುಲಾಸೆಯಾದರು. ಸೋಫಿಯ ನಾಲ್ಕು ದಿನಗಳ ಎದುರು ಇದನ್ನಿಟ್ಟು ನೋಡಿದರೆ ನ್ಯಾಯಾಲಯ ಹೇಗಿರಬೇಕು ಅಂತ ಮಕ್ಕಳಿಗೇ ಹೊಳೆಯುತ್ತದೆ, ಅಲ್ವಾ?

ಕೊನೆಯ ವಾರ ಮಕ್ಕಳು 1922ರ ಅಹಮದಾಬಾದ್ ವಿಚಾರಣೆಯನ್ನು ತರಗತಿಯಲ್ಲಿ ಅಭಿನಯಿಸುತ್ತಾರೆ. ಪತ್ರಿಕೆಯಲ್ಲಿ ಬರೆದ ಲೇಖನಗಳಿಗಾಗಿ ಗಾಂಧೀಜಿ ಮೇಲೆ ರಾಜದ್ರೋಹದ ಮೊಕದ್ದಮೆ. ಅವರು ಆರೋಪ ಒಪ್ಪಿಕೊಂಡರು. ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಆರು ವರ್ಷ ಶಿಕ್ಷೆ ಕೊಟ್ಟರು. ಸರ್ಕಾರ ಇದನ್ನು ಕಡಿಮೆ ಮಾಡಿದರೆ ನನ್ನಷ್ಟು ಖುಷಿಪಡುವವರು ಇನ್ನಾರೂ ಇಲ್ಲ ಅಂತಲೂ ಹೇಳಿದರು. ನ್ಯಾಯಾಧೀಶರ ಪಾತ್ರ ಮಾಡುವ ಮಗುವಿಗೇ ಇಲ್ಲಿ ಜಾಸ್ತಿ ಕೆಲಸ.

ಗಲ್ಲು, ಗಿಲೊಟಿನ್ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವುದಿಲ್ಲ. ಸಾವಿನ ವರ್ಣನೆಯೂ ಇರುವುದಿಲ್ಲ. ಮೊಬೈಲ್‌ನಲ್ಲಿ ಸುಮ್ನೆ ಹುಡುಕಿದರೆ ಮಾತ್ರ ಬೇಡದ ವಿಡಿಯೋಗಳು ಬರುತ್ತವೆ, ಹಾಗಾಗಿ ಪಾಠ ಮುಗಿಯುವವರೆಗೂ ಒಂದು ಕಣ್ಣಿಟ್ಟಿರಿ. ಬೇಕಾದ ಓದುವ ಸಾಮಗ್ರಿ ನಾವೇ ಕೊಡುತ್ತೇವೆ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಅಥವಾ ಹತ್ತಿರದವರು ಯಾರಾದರೂ ಜೈಲಿನಲ್ಲಿದ್ದರೆ, ತರಗತಿ ಶಿಕ್ಷಕರಿಗೆ ಮೊದಲೇ ತಿಳಿಸಿ. ಆ ಮಾತು ನಮ್ಮಲ್ಲೇ ಇರುತ್ತದೆ. ಆ ಮಗುವಿಗೆ ಬೇರೆ ಕೆಲಸ ಕೊಡುತ್ತೇವೆ.

ಪ್ರತಿ ಮಗುವೂ ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು ಆ ಮೂರು ಪ್ರಶ್ನೆಗಳಿಗೆ ಎರಡು ಪುಟ ಉತ್ತರ ಬರೆಯಬೇಕು. ಬರೆದದ್ದನ್ನು ನೀವೂ ಓದಿ. ಒಪ್ಪದ ಮಾತಿದ್ದರೆ ಮಗುವಿನ ಜೊತೆ ವಾದ ಮಾಡಿ, ನಿಮ್ಮ ಅಭಿಪ್ರಾಯವನ್ನು ಅದೇ ಪುಟದ ಕೆಳಗೆ ಬರೆದು ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ